ಎಮ್ಲಿನ್‌ನ ಕರೆಗಂಟೆ

ಹೊಸ ಆರೈಕೆ ಮನೆಯ ಕೋಣೆಯಲ್ಲಿ ಎಮ್ಲಿನ್ ತನ್ನ ಕೈಯಲ್ಲಿದ್ದ ಕರೆಗಂಟೆಯ ಗುಂಡಿಯನ್ನು ಮತ್ತೆ ಒತ್ತಿದ. ಅಕ್ಕ ಮೆನ್ನಾ ಗಾಬರಿಯಿಂದ ಅವನ ಕೈ ಹಿಡಿದಳು. "ಬೇಡ ಕಣೋ, ಬೈತಾರೆ. ಗ್ಲೆನಿಸ್ ಈಗಷ್ಟೇ ಬಂದು ಹೋದ್ಳಲ್ಲ." ಐವತ್ತು ದಾಟಿದರೂ ಬುದ್ಧಿ ಮಗುವಿನದಾಗಿಯೇ ಉಳಿದಿದ್ದ ತಮ್ಮ, ಗುಂಡಿಯನ್ನು ಎದೆಗವಚಿಕೊಂಡು ನಕ್ಕ.

ಹಿಂದಿನ ಆರೈಕೆ ಮನೆಯಲ್ಲಿ ಕರೆಗಂಟೆಯ ದಾರವನ್ನು ಅವನಿಗೆ ಎಟುಕದಂತೆ ಪರದೆಯ ಸರಳಿಗೆ ಗಂಟು ಹಾಕಿದ್ದರು. ಬಾಯಾರಿ, ಒದ್ದೆ ಹಾಸಿಗೆಯಲ್ಲಿ ಅವನು ಗಂಟೆಗಟ್ಟಲೆ ಬಿದ್ದಿರುತ್ತಿದ್ದ. ಆ ಗಂಟಿನ ಫೋಟೋ ನೋಡಿದ್ದ ಕಾರ್ಡಿಫ್ ಕೋರ್ಟಿನ ಜ್ಯೂರಿ, ಅಲ್ಲಿನ ಮೇಲ್ವಿಚಾರಕಿ ಅಪರಾಧಿ ಎಂದು ಇವತ್ತು ಬೆಳಿಗ್ಗೆ ಹೇಳಿತ್ತು. ತನ್ನ ಕಷ್ಟ ಹೇಳಿಕೊಳ್ಳಲಾರದವನನ್ನು ಬೇಕೆಂದೇ ಕಡೆಗಣಿಸಿದ್ದಕ್ಕೆ ಅವಳಿಗೆ ಜೈಲು. ಸುದ್ದಿ ಹೇಳಲೆಂದೇ ಓಡಿ ಬಂದ ಮೆನ್ನಾ ಅರ್ಧ ಗಂಟೆಯಿಂದ ಮಾತು ಹುಡುಕುತ್ತಿದ್ದಳು. ತೀರ್ಪು ಎಂಬುದನ್ನು ಇವನಿಗೆ ಯಾವ ಮಾತಿನಲ್ಲಿ ಹೇಳುವುದು?

ಇಲ್ಲಿನ ಆರೈಕೆಗಾರ್ತಿ ಗ್ಲೆನಿಸ್ ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. "ಏನಪ್ಪಣೆ, ಮಹಾರಾಜ?"

"ಏನಿಲ್ಲ!"

"ತಪ್ಪು ತಿಳ್ಕೋಬೇಡಮ್ಮ," ಎಂದು ಮೆನ್ನಾ ಎದ್ದು ನಿಂತಳು.

"ಅಯ್ಯೋ, ಕೂತ್ಕೊಳ್ಳಿ. ಇದು ಹದಿನೇಳನೇ ಸಲ. ನಿನ್ನೆ ಇಪ್ಪತ್ತಾರಾಗಿತ್ತು. ಇವತ್ಯಾಕೋ ಸಾಹೇಬ್ರು ಸೋಮಾರಿ ಆಗಿದ್ದಾರೆ."

ಅವಳು ಹೋದ ಮೇಲೆ ಎಮ್ಲಿನ್ ಅಕ್ಕನ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವನಂತೆ ಪಿಸುಗುಟ್ಟಿದ: "ಒತ್ತಿದ್ರೆ ಬರ್ತಾರೆ ಅಕ್ಕಾ. ಪ್ರತೀ ಸಲ ಬರ್ತಾರೆ!" ಗುಂಡಿಯನ್ನು ಅವಳ ಅಂಗೈಯಲ್ಲಿಟ್ಟ. "ನೀನೂ ಒತ್ತು."

ಮಾತು ಹುಡುಕುವುದನ್ನು ಬಿಟ್ಟು ಮೆನ್ನಾ ಗುಂಡಿ ಒತ್ತಿದಳು. ಅಡುಗೆಮನೆಯ ಕಡೆಯಿಂದ ದೊಡ್ಡ ನಗು ಕೇಳಿಸಿತು. ಇಬ್ಬರೂ ಉಸಿರು ಬಿಗಿಹಿಡಿದು, ಹತ್ತಿರವಾಗುತ್ತಿದ್ದ ಚಪ್ಪಲಿಯ ಸದ್ದನ್ನೇ ಕೇಳುತ್ತ ಕೂತರು.