ಒಗೆದ ಹಗ್ಗ

ಹತ್ತಿಯೂ ನೈಲಾನೂ ಇಲ್ಲವಾದ ಮೇಲೆ ಹಗ್ಗಗಳನ್ನೆಲ್ಲ ಪಿಷ್ಟದಿಂದಲೇ ಹೊಸೆಯುತ್ತಿದ್ದರು. ಬಾವಿಯ ಹೂಳು ತೆಗೆಯುವ ದ್ಯಾಮಣ್ಣ ಕಟ್ಟೆಯ ಕಂಬಕ್ಕೆ ಬಿಗಿದ ಅಂಥದ್ದೇ ಹಗ್ಗ ಹಿಡಿದು ನಲವತ್ತು ಅಡಿ ಆಳದಿಂದ ಮೇಲೇರುತ್ತಿದ್ದ. ಮೇಲೆ ನಿಂತಿದ್ದ ಹೆಂಡತಿ ನಿಂಬೆವ್ವನ ಕೈಗೆ ಹಗ್ಗ ಅಂಟತೊಡಗಿತು.

"ಅತ್ತಿ, ಇದನ್ನ ಮುಂಜಾನೆ ಯಾವುದ್ರಾಗ ಒಗದ್ರಿ?"

"ಹೊಸಾ ಸೋಪಿನ ಪುಡ್ಯಾಗ. ಗಂಜಿ ಕಲೆ ತಿಂದು ಹಾಕತೈತಂತ," ಎಂದಳು ಪಕ್ಕದಲ್ಲಿದ್ದ ಅತ್ತೆ.

ಗಂಜಿಯ ಪಿಷ್ಟವನ್ನು ಕರಗಿಸುವ ಆ ಪುಡಿಯ ಕಿಣ್ವ ಈಗ ಹಗ್ಗವನ್ನೇ ತಿನ್ನುತ್ತಿತ್ತು. ಒಂದು ಎಳೆ ಕಳಚಿತು. ಬ್ಲೀಚಿಂಗ್ ಪೌಡರ್ ಬಿದ್ದರೆ ಕಿಣ್ವ ಸಾಯುತ್ತದೆಂದು ನಿಂಬೆವ್ವನಿಗೆ ಗೊತ್ತಿತ್ತು. ನೀರು ಶುದ್ಧಮಾಡಲು ಬಾವಿಗೆ ಹಾಕಲೆಂದು ತಂದಿದ್ದ ಆ ಪೌಡರನ್ನು ಬಕೆಟ್ಟಿನ ನೀರಿನಲ್ಲಿ ಕದಡಿದಳು.

"ರೀ, ಕಣ್ಣ ಮುಚ್ಕೊರ್ರಿ. ಹಗ್ಗ ಬಿಡಬ್ಯಾಡ್ರಿ," ಎನ್ನುತ್ತ ಹಗ್ಗದುದ್ದಕ್ಕೂ ಸುರಿದಳು.

ಎರಡನೆಯ ಎಳೆ ಅರ್ಧ ಬಿಚ್ಚಿ ಅಲ್ಲಿಗೇ ನಿಂತಿತು. ದ್ಯಾಮಣ್ಣ ಕೆಮ್ಮುತ್ತ ಏರಿ ಬಂದು, ಕಣ್ಣು ತೆರೆಯದೆ ಕೈ ಚಾಚಿದ. ನಿಂಬೆವ್ವ ಎಳೆದುಕೊಂಡಳು. ಅವನು ಕಟ್ಟೆ ದಾಟಿ ಕೂತ ಮೇಲೂ ಅವಳು ಆ ಕೈ ಬಿಡಲಿಲ್ಲ.