ಎರಡೂ ಸೇರಿದರೆ ಮಧ್ಯಮ

“ಎರಡೂ ಒಂದೇ ಥರದ್ದಿರಲಿ. ಒಂದು ನೀಲಿ, ಒಂದು ಹಸಿರು. ಮುಗೀತಲ್ಲ?” ಎಂದು ವಿನ್ಸೆಂಜ್, ಗೆರ್ಟಿಯ ಅಂಗಡಿಯಲ್ಲಿ ಅಕ್ಕಪಕ್ಕ ನಿಲ್ಲಿಸಿದ್ದ ಎರಡು ಬೆಟ್ಟದ ಸೈಕಲ್‌ಗಳನ್ನು ತೋರಿಸಿದ. ತೀರಾ ದುಬಾರಿಯೂ ಅಲ್ಲ, ತೀರಾ ಅಗ್ಗವೂ ಅಲ್ಲ. ಗಂಡಹೆಂಡತಿ ಮನೆಯಲ್ಲಿ ಮಾತಾಡಿಕೊಂಡು ಬಂದ ಹಾಗೆ ನಟ್ಟನಡುವಿನ ಬೆಲೆ.

ಬುರ್ಗಿ ನೀಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ನೋಡಿ ಬಿಟ್ಟಳು. “ನಾನು ತಗೊಳ್ಳೋದೇ ಇನ್ನೂ ಗ್ಯಾರಂಟಿ ಇಲ್ಲ.”

“ಅಯ್ಯೋ, ಯಾಕೇ?” ಗೆರ್ಟಿ ಅವಳ ಶಾಲೆಯ ಕಾಲದ ಗೆಳತಿ. “ಹಳೇವು ಮಾರಿ ಆಯ್ತಲ್ಲ! ಬ್ಯಾಟರಿಯದ್ದು ತಗೊಳ್ರೇ ಇಬ್ರೂ. ನಮ್ಮ ಟಿರೋಲ್ ಬೆಟ್ಟಸೀಮೆಯ ಅಜ್ಜಿಯರೆಲ್ಲ ಈಗ ಹಾಡು ಹೇಳ್ಕೊಂಡು ಬೆಟ್ಟ ಹತ್ತುತಾರೆ.”

“ಮೋಟಾರ್ ಇದ್ರೆ ಅದು ಸೈಕಲ್ಲಲ್ಲ, ಹಾಲಿನ ಗಾಡಿ,” ಎಂದ ವಿನ್ಸೆಂಜ್.

“ನಂಗೂ ಅದು ಬೇಡ. ನನ್ನ ಕಾಲು ಗಟ್ಟಿಯಾಗೇ ಇವೆ. ನಂಗೆ ಬೇಜಾರಾಗಿರೋದು ಇವನ ಬೆನ್ನು ನೋಡಿ ನೋಡಿ.” ಬುರ್ಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಮದುವೆ ಆದಾಗಿಂದ ಭಾನುವಾರ ಚರ್ಚಿನ ಪೂಜೆ ಮುಗಿಸ್ಕೊಂಡು ಬೆಟ್ಟದ ಗುಡಿಗೆ ಹೋಗ್ತೀವಿ. ಇವನು ಮುಂದೆ, ನಾನು ಹಿಂದೆ. ಮೇಲೆ ಹೋಗಿ ಬೆಂಚಿನ ಮೇಲೆ ಕೂತು, ಗಾಳಿ ಕುಡಿದು, ಗಂಟೆ ಹೊಡೆದು ಕಾಯ್ತಿರ್ತಾನೆ. ನಾನು ಏದುಸಿರು ಬಿಡ್ತಾ ಬಂದು ಕಾಲು ಊರೋದೇ ತಡ, ಎದ್ದು ನಿಂತು ‘ಹೊರಡೋಣ್ವಾ?’ ಅಂತಾನೆ. ಇನ್ಮುಂದೆಯೂ ಹೀಗೇ ಅಂದ್ರೆ ಇವನೊಬ್ಬನಿಗೇ ಒಂದು ಕೊಡು. ನಾನು ಭಾನುವಾರ ಮನೇಲಿ ಸೇಬಿನ ಕೇಕ್ ಮಾಡ್ಕೊಂಡಿರ್ತೀನಿ.”

“ಕಾಯ್ತೀನಲ್ಲ, ಗೆರ್ಟಿ! ಬಿಟ್ಟು ಹೋಗೋನ ಥರ ಹೇಳ್ತಾಳೆ ನೋಡು!”

ಆ ಗುಡಿ ಅಂಗಡಿಯ ಹಿಂದಿನ ಬೆಟ್ಟದ ನೆತ್ತಿಯಲ್ಲೇ ಇದೆ. ಒಳಗೆ ಮರಿಯ ಮಾತೆ, ಹೊರಗೆ ಒಂದು ಬೆಂಚು, ಸೂರಿನಿಂದ ಇಳಿಬಿದ್ದ ಗಂಟೆಯ ಹಗ್ಗ. ಹತ್ತಿದವರು ಹೆಲ್ಮೆಟ್ ತೆಗೆದು ಕೈಮುಗಿದು ಹಗ್ಗವನ್ನು ಒಮ್ಮೆ ಜಗ್ಗುತ್ತಾರೆ. ಬಂದೆವೆಂದು ತಾಯಿಗೆ ತಿಳಿಯುತ್ತದೆ. ಸೈಕಲ್ ಓಡಿಸಿ ನೋಡಲು ಒಯ್ದವರಾದರೆ ಕೆಳಗೆ ಗೆರ್ಟಿಗೂ ತಿಳಿಯುತ್ತದೆ.

ಬುರ್ಗಿ ಅಂಗಡಿಯೊಳಗೆ ಒಂದು ಸುತ್ತು ಹಾಕಿ, ಕಿಟಕಿಯ ಪಕ್ಕದಿಂದ ಒಂದು ಸೈಕಲ್ ತಂದಳು. ಮುಂದೆ ಮಾತ್ರ ಸ್ಪ್ರಿಂಗು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಆಮೇಲೆ ಮೂಲೆಯಿಂದ ಇನ್ನೊಂದನ್ನು ಎಳೆದು ತಂದಳು. ಮುಂದೂ ಸ್ಪ್ರಿಂಗು, ಹಿಂದೂ ಸ್ಪ್ರಿಂಗು, ಎಮ್ಮೆಯಂಥ ತೂಕ.

“ಬೆಲೇಲಿ ಒಂದು ನಡುವಿನದಕ್ಕಿಂತ ಮೇಲೆ, ಇನ್ನೊಂದು ನಡುವಿನದಕ್ಕಿಂತ ಕೆಳಗೆ. ಎರಡೂ ಸೇರಿದ್ರೆ ಮಧ್ಯಮವೇ ಅಲ್ವಾ?”

ವಿನ್ಸೆಂಜ್‌ನ ಮುಖ ಅರಳಿತು. “ಇದಪ್ಪಾ ಬುದ್ಧಿವಂತಿಕೆ! ಮುಂದೆ ಹೋಗೋನಿಗೆ ಹಗುರದ್ದೇ ಬೇಕು,” ಎಂದು ಕೈ ಚಾಚಿದ.

“ಹಗುರದ್ದು ನಂದು.”

ಗೆರ್ಟಿ ಅತ್ತ ತಿರುಗಿ, ಸರಿಯಾಗೇ ಇದ್ದ ಒಂದು ಬ್ರೇಕನ್ನು ಸರಿಮಾಡತೊಡಗಿದಳು.

“ಗುಡಿವರೆಗೆ ಒಂದ್ಸಲ ಹೋಗ್ಬರೋಣ ಕಣೋ,” ಎಂದಳು ಬುರ್ಗಿ. “ಸರಿಹೋದ್ರೆ ಎರಡು ಸೈಕಲ್ಲು. ಇಲ್ದಿದ್ರೆ ನಂಗೆ ಕೇಕು.”

“ಹಸು ಹತ್ತಿಸಿ ಕಳ್ಸಿದ್ರೂ ನಿನಗಿಂತ ಮುಂಚೆ ಮೇಲಿರ್ತೀನಿ, ನೋಡ್ತಿರು!”

ಮೊದಲ ತಿರುವಿನವರೆಗೂ ವಿನ್ಸೆಂಜ್ ಮಾತಾಡುತ್ತಲೇ ಇದ್ದ. ಎರಡನೆಯದರಲ್ಲಿ ಮಾತು ನಿಂತಿತು. ಅವನು ಒಂದೊಂದು ಸಲ ತುಳಿದಾಗಲೂ ಹಿಂದಿನ ಸ್ಪ್ರಿಂಗು ಆ ಬಲವನ್ನೆಲ್ಲ ತಾನೇ ನುಂಗಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿತ್ತು. ಇಷ್ಟು ವರ್ಷ ಅವನ ಬೆನ್ನು ಹತ್ತಿ ಹತ್ತಿ ಬಲಿತಿದ್ದ ಬುರ್ಗಿಯ ಕಾಲುಗಳು ಅವನನ್ನು ದಾಟಿ ಹೋದವು.

ಮೇಲೆ ತಲುಪಿದ ಬುರ್ಗಿ ಹೆಲ್ಮೆಟ್ ತೆಗೆದು ಕೈಮುಗಿದಳು. ಹಗ್ಗಕ್ಕೆ ಕೈ ಹಾಕಲಿಲ್ಲ. ಇಬ್ಬರೂ ಬಂದ ಮೇಲೆ ತಾನೆ ಬಂದೆವು ಎನ್ನುವುದು? ಬೆಂಚಿನ ಮೇಲೆ ಕೂತಳು. ಬಿಸಿಲಿಗೆ ಹಲಗೆ ಬೆಚ್ಚಗಿತ್ತು. ಹುಲ್ಲುಗಾವಲಿನ ಹಸುಗಳ ಕೊರಳ ಗಂಟೆ ಕೇಳುತ್ತಿತ್ತು. ಉಸಿರು ತಾನಾಗಿಯೇ ಹಗುರವಾಯಿತು.

ಬಹಳ ಹೊತ್ತಿನ ಮೇಲೆ ವಿನ್ಸೆಂಜ್ ಬೀಟ್‌ರೂಟಿನಂಥ ಮುಖ ಹೊತ್ತು ಬಂದು ಒಂದು ಕಾಲು ಊರಿದ. ಬುರ್ಗಿ ತಟ್ಟನೆ ಎದ್ದು ಹೆಲ್ಮೆಟ್ ಹಾಕಿಕೊಂಡಳು.

“ಹೊರಡೋಣ್ವಾ?”

ಅವನು ಹ್ಯಾಂಡಲ್ಲಿನ ಮೇಲೆ ಒರಗಿ ಅವಳನ್ನೇ ನೋಡಿದ. “ನಾನು... ಹೀಗೇ... ಹೇಳ್ತಿದ್ನಾ?”

“ನೀನು ನಗ್ತಾ ಹೇಳ್ತಿದ್ದೆ. ನಂಗೆ ಅಷ್ಟು ಚೆನ್ನಾಗಿ ಬರಲ್ಲ.” ಅವಳು ಹೆಲ್ಮೆಟ್ ತೆಗೆದು ಮತ್ತೆ ಕೂತು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. ವಿನ್ಸೆಂಜ್ ಮೂಟೆಯಂತೆ ಬಂದು ಬಿದ್ದ.

“ಈ ಹಾಳು ಗಾಡಿ ಯಾರಿಗೂ ಬೇಡ ಕಣೇ.”

“ನಿಂಗೆ ಬೇಕು.”

ಅವನು ನಕ್ಕ. ನಗಲೂ ಉಸಿರು ಸಾಲದೆ ಕೆಮ್ಮಿದ. ಬುರ್ಗಿ ಅವನ ಬೆನ್ನು ತಟ್ಟಿ, ಕೆಳಗಿನ ಕಣಿವೆಯ ಕಡೆ ಬೆರಳು ತೋರಿಸಿದಳು.

“ಅಲ್ಲಿ, ಮರ ಕೊಯ್ಯೋ ಮಿಲ್ಲಿನ ಪಕ್ಕ, ಬಾಲ್ಕನಿ ತುಂಬ ಕೆಂಪು ಹೂ... ನಮ್ಮನೆ ಅಲ್ವಾ ಅದು?”

“ಮತ್ತಿನ್ಯಾರದ್ದು! ಇಷ್ಟು ವರ್ಷ ಇಲ್ಲಿಗೆ ಬಂದು...” ಎಂದವನು ಅಲ್ಲೇ ತಡೆದುಕೊಂಡ.

ಮುಂದಿನ ಪೈನ್ ಮರದ ಕೊಂಬೆಯೊಂದು ಅಡ್ಡಕ್ಕೆ ಬಾಗಿತ್ತು. ಅದರ ಕೆಳಗಿಂದ, ಕೂತವರಿಗೆ ಮಾತ್ರ, ಆ ಮನೆ ಕಾಣುತ್ತಿತ್ತು.