ಹದಿನಾಲ್ಕು ದಿನ

ಸೊಪ್ಪಿಗೆ ಮುಚ್ಚಿದ್ದ ಒದ್ದೆ ಗೋಣಿಚೀಲ ಸರಿಸಿ, ಸುನಂದ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಎಲೆ ಕತ್ತರಿಸುತ್ತಿದ್ದಳು. ಅವಳ ತಾಯಿ ಶ್ಯಾಮಲಮ್ಮ ಜೂನಿಯರ್ ಎಂಜಿನಿಯರ್ ಪರೀಕ್ಷೆಯ ಪುಸ್ತಕದ ಮೇಲೆ ಬೆರಳಿಟ್ಟು ಪ್ರಶ್ನೆ ಓದುತ್ತಿದ್ದಳು.

“ಐದು ಮೀಟರಿನ ಸ್ಲ್ಯಾಬಿಗೆ ಕೊಟ್ಟ ಸೆಂಟ್ರಿಂಗ್ ಕಂಬ ಎಷ್ಟು ದಿನಕ್ಕೆ ತೆಗೀಬೇಕು?”

“ಮುಂದಿಂದು ಓದಮ್ಮ.”

“ಯಾವಾಗ್ಲೂ ಇದೊಂದನ್ನೇ ಬಿಟ್ಬಿಡ್ತೀಯಲ್ಲೇ! ನಂಗೇ ಬಾಯಿಗೆ ಬಂದೈತೆ, ಹದ್ನಾಲ್ಕು. ಪಾಪ, ನಿನ್ ಕೈಕೆಳಗೆ ಕೆಲ್ಸ ಮಾಡ್ತಿದ್ದ ಅಪ್ಪಾಜಪ್ಪನಿಗೆ ಗೊತ್ತಿರ್ಲಿಲ್ಲ. ಕುಡ್ದು ತಾನೇ ಕಂಬ ಕಿತ್ತು ಸತ್ತ ಅಂತ ಅವನ ಹೆಂಡ್ತೀನ ಈಗ್ಲೂ ಆಡ್ಕೊಂತಾರೆ.”

ಚೀಲದಿಂದ ನೀರು ತೊಟ್ಟಿಕ್ಕಿತು. ಹೋಳೂರಿನ ಗೋಡೌನಿನ ಸ್ಲ್ಯಾಬಿಗೂ ಅಪ್ಪಾಜಪ್ಪ ಇಂಥದೇ ಚೀಲ ಹಾಸಿ ನೀರುಣಿಸುತ್ತಿದ್ದ. ಗುತ್ತಿಗೆದಾರ ಅವಸರ ಮಾಡಿದನೆಂದು ಅಲ್ಲಿ ಮೇಲ್ವಿಚಾರಕಿಯಾಗಿದ್ದ ಸುನಂದ ಐದನೇ ದಿನವೇ, ಸ್ಲ್ಯಾಬನ್ನು ಹೊತ್ತಿದ್ದ ಕಂಬ ತೆಗೆಯಲು ಹೇಳಿದ್ದಳು. “ಇನ್ನೂ ಹಸಿ ಐತಲ್ಲಮ್ಮ,” ಎಂದವನು, ಅವಳ ಮಾತು ಮೀರದೆ ಕೆಳಗೆ ಹೋಗಿದ್ದ. ಸ್ಲ್ಯಾಬು ಅವನ ಮೇಲೇ ಕುಸಿಯಿತು. ವಿಚಾರಣೆಯಲ್ಲಿ ಅವಳು, ತಾನು ಹೇಳಿರಲಿಲ್ಲ ಎಂದುಬಿಟ್ಟಳು. ಅಂದಿನಿಂದ ಒದ್ದೆ ಗೋಣಿ ಮುಟ್ಟಿದಾಗಲೆಲ್ಲ ಕಿವಿಯಲ್ಲಿ ಅವನ ಅದೇ ಮಾತು.

“ಅವ್ನಿಗೆ ಗೊತ್ತಿತ್ತಮ್ಮ. ತೆಗಿ ಅಂದೋಳು ನಾನು.”

ಶ್ಯಾಮಲಮ್ಮನ ಬೆರಳು ಸಾಲಿನ ಮೇಲೇ ನಿಂತಿತು. “ಭಾನುವಾರ ಪರೀಕ್ಷೆ ಕಣೇ. ಇದು ಹೊರಗೆ ಬಿದ್ರೆ ನಿಂಗೆ ಯಾರು ಕೆಲ್ಸ ಕೊಡ್ತಾರೆ?”

ಸುನಂದ, ವಿಚಾರಣೆಯ ಅಧಿಕಾರಿಗೆಂದು ಎರಡು ವರ್ಷದ ಹಿಂದೆ ನಿಜವನ್ನೆಲ್ಲ ಬರೆದು, ಅದೇ ಪುಸ್ತಕದ ರಟ್ಟಿನೊಳಗೆ ಬಚ್ಚಿಟ್ಟಿದ್ದ ಕಾಗದ ತೆಗೆದುಕೊಂಡು ಮುಳಬಾಗಿಲಿನ ಬಸ್ಸು ಹತ್ತಿದಳು.

ಅಂಚೆ ಕಚೇರಿಯಲ್ಲಿ ಅದನ್ನು ಹೊಸ ಲಕೋಟೆಗೆ ಹಾಕಿ, ಅಂಟು ಹಚ್ಚಿ ಕಿಟಕಿಯೊಳಗೆ ಚಾಚಿದಳು. ಗುಮಾಸ್ತ ಮುಟ್ಟಿ ನೋಡಿ ಹಿಂದಕ್ಕೆ ತಳ್ಳಿದ.

“ಇನ್ನೂ ಹಸಿ ಐತಲ್ಲಮ್ಮ.”

ಈ ಸಲ ಸುನಂದ ಅವಸರ ಮಾಡಲಿಲ್ಲ. ಅಂಟು ಪೂರ್ತಿ ಒಣಗುವವರೆಗೂ ಕಾದು ನಿಂತು, ಲಕೋಟೆಯನ್ನು ಅವನ ಕೈಗೆ ಕೊಟ್ಟಳು.